ತೊಳೆದಿಟ್ಟ ಕರು

ಚುಕ್ಕಿ ಸುಸೂತ್ರವಾಗಿ ಕರು ಹಾಕಿತು. ಸೋಪಮ್ಮನಿಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಮನೆಗೂ ಕೊಟ್ಟಿಗೆಗೂ ಓಡಾಡಿ ಸೋತ ಕಾಲು ಚಾಚಿ ಗೋದಲಿಗೆ ಒರಗಿ ಕುಳಿತಳು. ಹೆಣ್ಣುಗರು, ಹೆಣ್ಣುಗರು ಎಂದು ತನಗೆ ತಾನೇ ಹೇಳಿಕೊಂಡಳು.

ಸೋಪಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗೆಳೆಯರು ಅಂಟಿಸಿದ್ದು. ಇಪ್ಪತ್ತು ತುಂಬುವ ಮೊದಲೇ ಯುವ ಪಶುಪಾಲಕರ ಸಂಘಕ್ಕೆ ಅಧ್ಯಕ್ಷೆಯಾದವಳು. ಒಂದೆರಡು ಭಾಷಣ ಬಿಗಿದು ಹಾಯಾಗಿ ಇರಬಹುದಿತ್ತು. ಇವಳು ಮೊದಲ ದಿನವೇ ಕೊಟ್ಟಿಗೆಯ ಬಾಗಿಲಲ್ಲಿ ಬಕೆಟ್ಟು, ಸೋಪು ಇಟ್ಟು, ಕೈ ತೊಳೆಯದವರಿಗೆ ಒಳಗೆ ಜಾಗವಿಲ್ಲ ಎಂದುಬಿಟ್ಟಳು. ಒಂದು ಮನೆಯ ಕರುವಿಗೆ ಬಂದ ಭೇದಿ ಊರಿಗೆಲ್ಲ ಹರಡಿದ ವರ್ಷ ಅವಳು ಸಾಕಿದ ಕರುವೂ ಸತ್ತಿತ್ತು. ಆ ಸಂಕಟದಲ್ಲಿ ಹುಟ್ಟಿದ ಹಟ ಇದು. ಹಾಲಿನ ವ್ಯಾನು ಓಡಿಸುವ ಅಪ್ಪನನ್ನೂ ಅವಳು ಬಿಟ್ಟಿರಲಿಲ್ಲ. "ನನ್ ಕೊಟ್ಟಿಗೆಗೆ ಹೋಗೋಕೆ ನಾನೇ ಪರ್ಮಿಷನ್ ಕೇಳ್ಬೇಕು" ಎಂದು ಅವರು ಗೊಣಗುತ್ತಿದ್ದರು. ಗೊಣಗಿದರೂ ಕೈ ಉಜ್ಜುತ್ತಿದ್ದರು, ಅದನ್ನೂ ಹೇಳಬೇಕು.

ಸಂಘದಲ್ಲೊಂದು ಕಟ್ಟುಪಾಡಿತ್ತು. ಸಂಘದಿಂದ ಹಸು ಪಡೆದವರು ಅದರ ಮೊದಲ ಹೆಣ್ಣುಗರುವನ್ನು, ಹಾಲು ಬಿಟ್ಟ ಮೇಲೆ, ಮುಂದಿನ ಸದಸ್ಯರಿಗೆ ಕೊಡಬೇಕು. ಚುಕ್ಕಿ ಸೋಪಮ್ಮನ ಮನೆಗೆ ಬಂದದ್ದೂ ಹಾಗೆಯೇ. ಈ ಸಲದ ಸರದಿ ದರ್ಜಿಯ ಸೊಸೆಯದು. ಅಂಗಡಿಯ ಹಿಂದೆ ಬಟ್ಟೆಯ ಚೂರುಗಳನ್ನು ತುಂಬಿಡುತ್ತಿದ್ದ ಕೋಣೆಯನ್ನು ಮಾವ ಅರೆಮನಸ್ಸಿನಿಂದ ಬಿಟ್ಟುಕೊಟ್ಟಿದ್ದರು. "ಈ ಸಲ ಕರು ಬರ್ಲಿಲ್ಲ ಅಂದ್ರೆ ಕೋಣೆ ವಾಪಸ್" ಎಂದೂ ಹೇಳಿದ್ದರು. ಅವಳು ತಾನೇ ನೆಲ ಸಮ ಮಾಡಿ, ಗೋದಲಿ ಕಟ್ಟಿ ಕಾಯುತ್ತಿದ್ದಳು. "ಮದ್ವೆಯಾಗಿ ಬಂದ್ಮೇಲೆ ಇದು ನಂದು ಅಂತ ಹೇಳ್ಕೊಳ್ಳೋಕೆ ಒಂದೂ ಸಿಕ್ಕಿಲ್ಲ ನೋಡು" ಎಂದು ಒಮ್ಮೆ ಸೋಪಮ್ಮನ ಬಳಿ ಬಾಯಿಬಿಟ್ಟಿದ್ದಳು.

ಕರು ನೆಲಕ್ಕೆ ಬಿದ್ದದ್ದೇ ತಡ, ಸಂಘದವರೆಲ್ಲ ಸೊಂಟ ಕಟ್ಟಿ ನಿಂತರು. ಎಷ್ಟೆಂದರೂ ಸೋಪಮ್ಮನ ಗರಡಿಯಲ್ಲಿ ಪಳಗಿದವರು. ಇಬ್ಬರು ಕರುವನ್ನು ಹೊರಗೆ ಬಿಸಿಲಿಗೆ ಎತ್ತಿಕೊಂಡು ಹೋಗಿ ಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಟವೆಲಿನಿಂದ ಗಸಗಸ ಒರೆಸಿದರು. ಇನ್ನಿಬ್ಬರು ಒದ್ದೆ ಹುಲ್ಲನ್ನು ಬಾಚಿ ತಿಪ್ಪೆಗೆ ಹಾಕಿದರು. ಮತ್ತೊಬ್ಬ ಫಿನಾಯಿಲ್ ಡಬ್ಬಿ ಹಿಡಿದು ಸಿದ್ಧನಾದ. ಕರು ಮದುವೆಗೆ ಹೊರಟಂತೆ ಮಿರಮಿರ ಮಿಂಚುತ್ತಿತ್ತು. ಅಧ್ಯಕ್ಷೆಗೆ ಹೆಮ್ಮೆಯೋ ಹೆಮ್ಮೆ.

ಅದನ್ನು ತಂದು ಚುಕ್ಕಿಯ ಮುಂದೆ ಬಿಟ್ಟರು. ಚುಕ್ಕಿ ಮೂಸಿತು, ಬುಸ್ಸೆಂದಿತು, ಝಾಡಿಸಿ ಒದೆಯಿತು. ಮತ್ತೆ ಬಿಟ್ಟರೆ ಕೊಂಬು ತೋರಿಸಿತು. ಹಾಲು ಕರೆದಾದರೂ ಕುಡಿಸೋಣವೆಂದು ಕೆಚ್ಚಲಿಗೆ ಕೈ ಹಾಕಿದರೆ ಪಾತ್ರೆ ಗೋಡೆಗೆ ಹಾರಿತು. ಚೊಚ್ಚಲು ಹಸು, ಯಾರ ಮಾತನ್ನೂ ಕೇಳುವಂತಿರಲಿಲ್ಲ. ಫೋನಿನಲ್ಲಿ ಸಿಕ್ಕ ಪಶುವೈದ್ಯರು ಇನ್ನೊಂದು ಕೊಟ್ಟಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. "ನಾನು ಬರೋದು ಸಂಜೆ ಆಗುತ್ತೆ. ಅಷ್ಟರಲ್ಲಿ ಹೇಗಾದ್ರೂ ಗಿಣ್ಣದ ಹಾಲು ಹೊಟ್ಟೆಗೆ ಬೀಳ್ಬೇಕು. ಆ ಮೊದಲ ಹಾಲು ತಪ್ಪಿದ್ರೆ ಕರು ಉಳಿಯೋದು ಕಷ್ಟ" ಎಂದರು.

ಸುದ್ದಿ ತಿಳಿದು ಓಡಿಬಂದಿದ್ದ ದರ್ಜಿಯ ಸೊಸೆ ಕರುವನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು. ಅದರ ಕೂಗು ಆಗಲೇ ಸಣ್ಣಗಾಗಿತ್ತು. "ನನ್ ಹಣೇಬರಹ, ಬಿಡು" ಎಂದಳು. ಬೈದಿದ್ದರೂ ಸೋಪಮ್ಮ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತು ಕೇಳಲಾಗದೆ ಮುಖ ತಿರುಗಿಸಿದಳು.

ಆಗ ಅವಳು ಚುಕ್ಕಿಯನ್ನು ನೋಡಿದಳು. ಚುಕ್ಕಿ ಇವರಿಗೆ ಬೆನ್ನು ತಿರುಗಿಸಿ, ಕರು ಬಿದ್ದಿದ್ದ ಜಾಗದ ಒದ್ದೆ ನೆಲವನ್ನು ಮೂಸುತ್ತಿತ್ತು. ಮೂಸಿ, ನೆಕ್ಕಿ, ಗಂಟಲೊಳಗೇ ಮೆಲ್ಲಗೆ ಕರೆಯುತ್ತಿತ್ತು. ಸಿಟ್ಟಿನ ದನಿಯಲ್ಲ ಅದು.

"ಕರು ಇಲ್ಲಿದೆ, ಅದು ಅಲ್ಲಿ ಹುಡುಕ್ತಾ ಇದೆ" ಎಂದಳು ಸೋಪಮ್ಮ. ಮರುಗಳಿಗೆಯಲ್ಲೇ ಹಣೆ ಚಚ್ಚಿಕೊಂಡಳು. "ತಾಯಿ ನೆಕ್ಕಿ ಗುರುತು ಹಿಡಿಯೋಕೆ ಮುಂಚೆ ನಾವು ವಾಸನೇನೇ ತೊಳೆದುಬಿಟ್ಟಿದ್ದೀವಿ. ಇದು ಈಗ ಸೋಪಿನ ಕರು."

ಫಿನಾಯಿಲ್ ಡಬ್ಬಿಯನ್ನು ಕಸಿದು ಹೊರಗಿಟ್ಟು ತಿಪ್ಪೆಗೆ ಓಡಿದಳು. ಮೇಲೆಯೇ ಬಿದ್ದಿದ್ದ ಲೋಳೆಲೋಳೆ ಹುಲ್ಲನ್ನು ತಬ್ಬಿಕೊಂಡು ತಂದು, "ಬಳೀರಿ" ಎಂದಳು. ಸಂಘದವರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ವ್ಯಾನು ನಿಲ್ಲಿಸಿ ಬಂದ ಅಪ್ಪ, "ಅಧ್ಯಕ್ಷರೇ, ಕೈ ತೊಳ್ಕೊಂಡು ಬಳೀಬೇಕೋ, ಬಳಿದು ತೊಳ್ಕೋಬೇಕೋ?" ಎಂದು ಕೇಳಿದರು.

"ಅಪ್ಪಾ, ಸುಮ್ನೆ ಒಳಗಿಂದ ಉಪ್ಪು ತಗೊಂಬಾ."

ಮೊದಲು ಕೈ ಹಾಕಿದವಳು ದರ್ಜಿಯ ಸೊಸೆ. ಕರುವಿನ ಬೆನ್ನು, ಕತ್ತು, ಬಾಲ ಯಾವುದನ್ನೂ ಬಿಡದೆ ಮೊಣಕೈವರೆಗೆ ಮೆತ್ತಿಕೊಂಡು ಬಳಿದಳು. ಹಸುವಿಗೆ ನೆಕ್ಕುವ ಆಸೆ ಹುಟ್ಟಲೆಂದು ಮೇಲೆ ಚಿಟಿಕೆ ಉಪ್ಪು ಉದುರಿಸಿ ಕರುವನ್ನು ಮತ್ತೆ ಚುಕ್ಕಿಯ ಮೂತಿಯ ಬಳಿ ನಿಲ್ಲಿಸಿದರು.

ಚುಕ್ಕಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಉದ್ದಕ್ಕೆ ನಾಲಿಗೆ ಚಾಚಿ ನೆಕ್ಕತೊಡಗಿತು. ಕರು ಎರಡು ಸಲ ಮುಗ್ಗರಿಸಿ ಮೂರನೆಯ ಸಲ ಕೆಚ್ಚಲಿಗೆ ಬಾಯಿ ಹಾಕಿ, ಬಾಲ ಅಲ್ಲಾಡಿಸುತ್ತ ಚಪ್ಪರಿಸಿತು. ಅಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಅವರ ತಮಾಷೆಯೆಲ್ಲ ಗಾಬರಿ ಮುಚ್ಚಿಕೊಳ್ಳುವುದಕ್ಕೆ ಎಂದು ಆಗ ಎಲ್ಲರಿಗೂ ತಿಳಿಯಿತು.

ದರ್ಜಿಯ ಸೊಸೆ ರೂಢಿಯಂತೆ ಬಾಗಿಲ ಬಕೆಟ್ಟಿನ ಕಡೆ ಹೊರಟಳು. ಸೋಪಮ್ಮ ಅವಳಿಗಿಂತ ಮೊದಲೇ ಹೋಗಿ ಸೋಪು ಎತ್ತಿಕೊಂಡಳು.

"ಈಗಲೇ ತೊಳೀಬೇಡಿ ಅಕ್ಕಾ. ಇನ್ನೊಂಚೂರು ಹೊತ್ತು ಹತ್ರಾನೇ ಕೂತ್ಕೊಳ್ಳಿ. ಕರು ನಿಮ್ದು, ನಿಮ್ಮ ಗುರುತು ಅದಕ್ಕೂ ಸಿಗ್ಲಿ."

ಅವಳು ಮತ್ತೆ ಬಂದು ಕರುವಿನ ಪಕ್ಕ ಕುಳಿತಳು. ಕರುವಿನ ಬೆನ್ನು ಮುಗಿಸಿದ ಚುಕ್ಕಿ ಅದೇ ಭರದಲ್ಲಿ ಅವಳ ಕೈಯನ್ನೂ ಮೊಣಕೈವರೆಗೆ ನೆಕ್ಕಿತು. "ನೋಡು, ನನ್ನನ್ನೂ ಮಗಳು ಅಂದ್ಕೊಂಡ್ಲು" ಎಂದು ನಕ್ಕಳು, ನಗುತ್ತಲೇ ಅತ್ತಳು. ಸೋಪಮ್ಮ ಸೋಪನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದಳು.