ಜಗಲಿಯ ಮುಂದೆ ನಾನು ಬರೆದ ಪದ

ಗೌರಮ್ಮಕ್ಕಾ, ನಿಮ್ಮ ಮನೆಯ ಜಗಲಿಯನ್ನು ಒಡೆಸಿದ್ದು ಸರ್ಕಾರವಲ್ಲ — ನಾನು. ಇಷ್ಟು ವರ್ಷ ನೀವು ಸರ್ಕಾರಕ್ಕೆ ಹಿಡಿಶಾಪ ಹಾಕುವಾಗ ಎದುರು ಮನೆಯ ಬಾಗಿಲಲ್ಲಿ ನಿಂತು ಹೌದೆಂದು ತಲೆಯಾಡಿಸಿದವನೂ ನಾನೇ.

ಚನ್ನಗಿರಿಯ ನಮ್ಮ ಬೀದಿಯನ್ನು ಚೆಂದಗಾಣಿಸುವ ಯೋಜನೆ ಬಂದಾಗ ನಕ್ಷೆ ಬರೆಯುವ ಕೆಲಸ ನನಗೆ ಸಿಕ್ಕಿತ್ತು. ಯೋಜನೆ ಕೆಟ್ಟದ್ದಾಗಿರಲಿಲ್ಲ, ಅಕ್ಕಾ. ರಸ್ತೆ, ಚರಂಡಿ ಮಾಡಿದರೆ ಸಾಲದು, ಊರಿನ ಚಹರೆಯೂ ಉಳಿಯಬೇಕು ಎಂದು ಅದರ ನಿಯಮದಲ್ಲೇ ಇತ್ತು. ಜನ ಕೂರುವ ಹಳೆಯ ಜಗಲಿ, ಕಟ್ಟೆಗಳನ್ನು ಒಂದೊಂದಾಗಿ ಅಳೆದು ‘ಉಳಿಸತಕ್ಕದ್ದು’ ಎಂದು ಬರೆಯಬೇಕಿತ್ತು. ಓದಿದ್ದೆ — ಎರಡು ಸಲ ಓದಿದ್ದೆ.

ನಿಮ್ಮ ಜಗಲಿ ನನಗೆ ಗೊತ್ತಿಲ್ಲದ್ದೇ? ಅದರ ಕಲ್ಲಿನಲ್ಲಿ ಕೆತ್ತಿದ್ದ ಚೌಕಾಬಾರದ ಮನೆಗಳ ಮೇಲೆ ಕಾಯಿ ನಡೆಸುತ್ತ ನಾನು ದೊಡ್ಡವನಾದೆ. ನೀವು ಕಳ್ಳಾಟ ಆಡುತ್ತಿದ್ದಿರಿ. ಕೇಳಿದರೆ ನನಗೇ ಬೈಗುಳ. ತ್ಯಾವಣಿಗೆ ಬಸ್ಸಿಗೆ ಹೊರಟವರು ಅಲ್ಲೇ ಕೂತು, ನಿಮ್ಮ ಚೊಂಬಿನ ನೀರು ಕುಡಿದು, ಮಾತಿಗೆ ಬಿದ್ದು ಬಸ್ಸು ತಪ್ಪಿಸಿಕೊಂಡು, ಮತ್ತೆ ಬಂದು ಕೂರುತ್ತಿದ್ದರು. ಆ ಕಲ್ಲಿನ ತಂಪು ನನಗೆ ಈಗಲೂ ಬೇಕೆನಿಸುತ್ತದೆ.

ನಾನು ಟೇಪು ಹಿಡಿದು ಬಂದ ದಿನ ನೀವು ಜಗಲಿಯ ಮೇಲೆ ಸೊಪ್ಪು ಸೋಸುತ್ತಿದ್ದಿರಿ.

“ಜಗಲಿ ಉಳಿತೈತೇನೋ ತಮ್ಮಾ?”

“ಉಳಿತೈತಕ್ಕಾ. ನಾನಿಲ್ವೇನು?”

ಆಮೇಲೆ ನಕ್ಷೆಗೆ ಕೂತೆ. ಒಂದು ಜಗಲಿ ಮೂರಡಿ ಮುಂದೆ, ಇನ್ನೊಂದು ಒಂದೂವರೆ — ಬೀದಿಯ ಗೆರೆ ಸೊಟ್ಟಸೊಟ್ಟಗೆ ಬಂತು. ನನಗೋ ನೇರ ಗೆರೆಯ ಹುಚ್ಚು. ಸ್ಕೇಲಿಟ್ಟು ಒಂದೇ ಗೆರೆ ಎಳೆದೆ. ಗೆರೆಯಾಚೆ ಉಳಿದ ಜಗಲಿಗಳ ಮುಂದೆಲ್ಲ ಒಂದೇ ಪದ ಬರೆದೆ: ‘ಒತ್ತುವರಿ’. ಯಾರೂ ಹೇಳಿಕೊಟ್ಟಿರಲಿಲ್ಲ. ಯಾರದೋ ಒತ್ತಡ... ಇಲ್ಲ, ಅದೂ ಇರಲಿಲ್ಲ. ನಕ್ಷೆ ಚೆಂದ ಕಂಡಿತು, ಅಷ್ಟೆ. ಮೇಲಿನವರು ನಂಬಿದರು, ಅದೇ ಬೀದಿಯವನಲ್ಲವೇ ನಾನು!

ಜೆಸಿಬಿ ಬಂದಾಗ ನೀವು ಅಳಲಿಲ್ಲ. “ನಿನ್ ಕೈಲೇನ್ ಮಾಡಾಕಾಗ್ತೈತೆ ಬಿಡೋ. ಸರ್ಕಾರದ್ ಮುಂದೆ ನಮ್ದು ನಡಿತೈತಾ?” ಎಂದು ನನಗೇ ಸಮಾಧಾನ ಹೇಳಿದಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಚೌಕಾಬಾರದ ಕಲ್ಲು ಎರಡು ಹೋಳಾಗಿ ಟ್ರ್ಯಾಕ್ಟರ್ ಸೇರುವುದನ್ನು ನೋಡುತ್ತ ನಿಂತೆ.

ಈಗ ಬೀದಿ ನೇರವಾಗಿದೆ. ನೀವು ಹೊಸ್ತಿಲೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾದುಹೋಗುವವರನ್ನು ಹೆಸರು ಹಿಡಿದು ಕೂಗುತ್ತೀರಿ. ಅವರು ಕೈಯೆತ್ತಿ ಮುಂದೆ ಹೋಗುತ್ತಾರೆ — ನಿಂತು ಎಲ್ಲಿ ಕೂರಬೇಕು? ನಿಮ್ಮನ್ನು ಒಂಟಿ ಮಾಡಿದವನು ನಾನು. ನೆನೆದರೆ ನಾಚಿಕೆಯಾಗುತ್ತದೆ.

ನ್ಯಾಮತಿಯ ಬೀದಿಯೊಂದರ ನಕ್ಷೆ ಈಗ ನನ್ನ ಮೇಜಿನ ಮೇಲಿದೆ. ಗೆರೆ ಸೊಟ್ಟಗಿದೆ; ಹಾಗೇ ಬಿಟ್ಟಿದ್ದೇನೆ. ಅದರಿಂದ ನಿಮಗೇನೂ ಮರಳಿ ಬರುವುದಿಲ್ಲ, ಗೊತ್ತು.

ನಾಳೆ ಬೆಳಿಗ್ಗೆ ಬಂದು ಇದನ್ನು ನಿಮ್ಮೆದುರು ಓದುತ್ತೇನೆ. ಅಭ್ಯಾಸಬಲದಿಂದ ನೀವು “ಕೂತ್ಕೊಳ್ಳೋ ತಮ್ಮಾ” ಅನ್ನುತ್ತೀರಿ. ನಾನು ಬೀದಿಯಲ್ಲಿ ನಿಂತೇ ಓದುತ್ತೇನೆ, ಅಕ್ಕಾ.