ಅರ್ಧಕ್ಕೆ ನಿಂತ ಕಹಳೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಕಾಂತರಾಜನಿಗೆ ಎರಡು ಹೆಸರು. ಉಕ್ಕಿನ ಕಾರ್ಖಾನೆಯ ಜೊತೆಗಾರರಿಗೆ ಅವನು ಕ್ರೇನ್ ಕಾಂತಣ್ಣ. ಬೀದಿಯ ತಾಯಂದಿರಿಗೆ ಮಾತ್ರ ಅವನು ದಾಸಯ್ಯನವರ ಮಗ. ಅವರ ಮನೆತನದಲ್ಲಿ ತಲೆಮಾರಿಗೊಬ್ಬರು ಸ್ವಾಮಿಯ ಮುದ್ರೆ ಹಾಕಿಸಿಕೊಂಡು ದಾಸಯ್ಯನ ದೀಕ್ಷೆ ಪಡೆಯುವುದು ಹಿಂದಿನಿಂದ ಬಂದ ನಡಾವಳಿ. ಹಣೆಗೆ ಮೂರು ನಾಮ, ತಲೆಗೆ ರುಮಾಲು, ಹೆಗಲಿಗೆ ಜೋಳಿಗೆ, ಒಂದು ಕೈಯಲ್ಲಿ ಜಾಗಟೆ, ಇನ್ನೊಂದರಲ್ಲಿ ಶಂಖ. ಶ್ರಾವಣದ ಶನಿವಾರಗಳಲ್ಲಿ ಮನೆಮನೆಯ ಮುಂದೆ ಗೋವಿಂದನ ನಾಮ ಕೂಗಬೇಕು. ಧನುರ್ಮಾಸದಲ್ಲಿ ನಸುಕಿಗೇ ಎದ್ದು, ಮಂಜು ಇನ್ನೂ ಹರಿಯದ ಬೀದಿಗಳಲ್ಲಿ ಶಂಖ ಊದುತ್ತ ನಡೆದು ಊರನ್ನು ಎಬ್ಬಿಸಬೇಕು.

ಕಾಂತರಾಜನ ತಂದೆ ಗೋವಿಂದಯ್ಯನವರು ಕುಲುಮೆಯ ಬಿಸಿಯಲ್ಲಿ ದುಡಿದು, ಆ ಸೇವೆಯನ್ನೂ ಬಿಡದೆ ನಡೆಸಿದ ಜೀವ. ರಾತ್ರಿ ಪಾಳಿ ಮುಗಿಸಿ ಬಂದವರು ಸ್ನಾನ ಮಾಡಿ, ಹಾಸಿಗೆಯ ಕಡೆ ತಿರುಗಿಯೂ ನೋಡದೆ ಶಂಖ ಹಿಡಿದು ಹೊರಟುಬಿಡುತ್ತಿದ್ದರು. ಮಗನಿಗೆ ಊದಲು ಕಲಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ತುಂಬಿಕೊಂಡ ಉಸಿರು ಪೂರ್ತಿ ಸ್ವಾಮಿಗೆ ಸಲ್ಲಬೇಕು ಕಣೋ. ನಡುವೆ ನಿಲ್ಲಿಸಿದ್ರೆ ಕೊಟ್ಟ ಭಿಕ್ಷೆನ ವಾಪಸ್ ಕಿತ್ಕೊಂಡಂಗೆ." ಕಾಂತರಾಜ ಆ ಮಾತನ್ನು ಮೀರಿದವನಲ್ಲ. ಅವನ ಶಂಖ ಮೊಳಗಿದರೆ ಕೊನೆಯ ಹನಿ ಉಸಿರು ಬಸಿದುಹೋಗುವ ತನಕ ಮೊಳಗುತ್ತಿತ್ತು.

ಅವನಿಗೆ ಗಂಡುಮಕ್ಕಳಿಲ್ಲ. ಇರುವವಳು ಒಬ್ಬಳೇ ಮಗಳು, ಕವನ. ಚಿಕ್ಕವಳಿದ್ದಾಗ ಅಜ್ಜನ ಮಡಿಲಲ್ಲಿ ಕುಳಿತು ಶಂಖಕ್ಕೆ ಬಾಯಿಟ್ಟು ಉಗುಳು ತುಂಬಿಸುವುದು ಅವಳ ಆಟ. ಗೋವಿಂದಯ್ಯನವರು ನಗುತ್ತ, "ಹೊಟ್ಟೆಯಿಂದ ಊದವ್ವ, ಕೆನ್ನೆಯಿಂದಲ್ಲ" ಎನ್ನುತ್ತಿದ್ದರು. ಉಗುಳಿನ ಸದ್ದು ಹೋಗಿ, ಕರು ಕೂಗಿದಂಥ ಒಂದು ದನಿ ಬರತೊಡಗಿತು. ದನಿ ಹಾಗೆ ಬಲಿಯುವ ಹೊತ್ತಿಗೆ ಹುಡುಗಿ ದೊಡ್ಡವಳಾದಳು. ಹೆಣ್ಣುಮಕ್ಕಳು ಶಂಖ ಊದಬಾರದು, ಹೊಟ್ಟೆಗೆ ಒಳ್ಳೆಯದಲ್ಲ ಎಂಬುದು ಬೀದಿಯ ನಂಬಿಕೆ. ಒಂದು ಸಂಜೆ ಅವಳು ಊದುತ್ತಿದ್ದಂತೆಯೇ ಕಾಂತರಾಜ ಅದನ್ನು ಅವಳ ತುಟಿಯಿಂದ ಕಿತ್ತುಕೊಂಡು, ದೇವರ ಗೂಡಿನ ಮೇಲಿನ ಹಲಗೆಗೆ ಎತ್ತಿಟ್ಟ. "ನಾನು ಹೇಳೋವರೆಗೂ ಮುಟ್ಟಬೇಡ," ಎಂದ. ಕವನ ಅಂದಿನಿಂದ ಅದನ್ನು ಮುಟ್ಟಲಿಲ್ಲ.

ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಕಡಿಮೆಯಾಗುತ್ತ ಬಂದಾಗ ಕಾಂತರಾಜ ಶಿವಮೊಗ್ಗದ ಏಜೆಂಟರೊಬ್ಬರ ಮೂಲಕ ಪೋಲೆಂಡ್ ದೇಶದ ಉಕ್ಕಿನ ಕಾರ್ಖಾನೆಯೊಂದಕ್ಕೆ ಕ್ರೇನ್ ನಡೆಸಲು ಹೋದ. ಐವತ್ತರ ಹೊಸ್ತಿಲಲ್ಲಿ ವಿಮಾನ ಹತ್ತಿದವನಿಗೆ ಮನೆಯ ಚಿಂತೆ ಅಷ್ಟಿರಲಿಲ್ಲ. ಹೆಂಡತಿ ಧನಲಕ್ಷ್ಮಿ ಗಟ್ಟಿಗಿತ್ತಿ. ಕವನ ಓದು ಮುಗಿಸಿ ಶಿವಮೊಗ್ಗದ ದುರ್ಗಿಗುಡಿಯ ರಕ್ತಪರೀಕ್ಷೆಯ ಲ್ಯಾಬಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಸೇವೆ ನಡೆಸಲು ತಂದೆ ಇದ್ದರು. ಆದರೆ ಯುಗಾದಿ ಕಳೆದ ಮೇಲೆ ಗೋವಿಂದಯ್ಯನವರು ಸ್ವಾಮಿಯ ಪಾದ ಸೇರಿದರು. ರಜೆ ಬೇಡಿ ಬಂದ ಕಾಂತರಾಜ ತಂದೆಯ ಕಳೇಬರದ ಮುಂದೆ ತಾನೇ ಶಂಖ ಊದಿ, ಕಾರ್ಯ ಮುಗಿಸಿ, ಶಂಖವನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಅದೇ ಹಲಗೆಯ ಮೇಲಿಟ್ಟು ಮರಳಿ ಹೋದ.

ಈಗ ಧನುರ್ಮಾಸ ಹತ್ತಿರ ಬಂತು. ಬೀದಿಯ ಭಜನಾ ಮಂಡಳಿಯ ಹಿರಿಯರಾದ ವೀರಪ್ಪನವರು ಒಂದು ಉಪಾಯ ಹೂಡಿದರು. ಶಂಖನಾದವನ್ನು ಮೊಬೈಲಿಗೆ ಇಳಿಸಿಕೊಂಡು, ಸ್ಪೀಕರ್ ಡಬ್ಬಿಯೊಂದಕ್ಕೆ ಜೋಡಿಸಿ, ಅದನ್ನೇ ಮುಂದಿಟ್ಟುಕೊಂಡು ಹೊರಡುವುದು. ಇದನ್ನು ಕೇಳಿ ಕವನ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಡಬ್ಬಿ ಊದುತ್ತಂತೆ. ನಮ್ಮನೇಲಿ ಶಂಖ ಇಟ್ಕೊಂಡು ಡಬ್ಬಿ ಹಿಂದೆ ಹೋಗ್ಬೇಕಾ? ನಾನೇ ಊದ್ತೀನಿ."

"ನೀನಾ?"

"'ನಾನು ಹೇಳೋವರೆಗೂ ಮುಟ್ಟಬೇಡ' ಅಂದಿದ್ದೆ ನೀನು. ಮುಟ್ಟಿಲ್ಲ. ಈಗ ಹೇಳು."

"ಯೋಚನೆ ಮಾಡಿ ಹೇಳ್ತೀನಿ," ಎಂದು ಕಾಂತರಾಜ ಫೋನ್ ಇಟ್ಟ. ದಿನಗಳು ಕಳೆದವು. ಅವನು ಮತ್ತೆ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನಾಳೆ ಧನುರ್ಮಾಸ ಹಿಡಿಯುತ್ತದೆ ಎನ್ನುವ ಭಾನುವಾರ ಬಂದೇಬಿಟ್ಟಿತು.

ಆ ಭಾನುವಾರ ಅವನನ್ನು ಕೋಣೆಯಿಂದ ಎಳೆದುಕೊಂಡು ಹೊರಟವನು ಭೀಮೇಶ, ಹೊಳಲೂರಿನ ವೆಲ್ಡರ್, ಅದೇ ಕಾರ್ಖಾನೆಯವನು. "ಎರಡು ವರ್ಷ ಆಯ್ತು ಕಾಂತಣ್ಣ, ನೀವು ನೋಡಿರೋದು ಕ್ರೇನು, ಕೋಣೆ, ಅಕ್ಕಿ ಅಂಗಡಿ. ಊರಿಗೆ ಹೋದ್ಮೇಲೆ ಜನ ಕೇಳಿದ್ರೆ ಏನ್ ಹೇಳ್ತೀರಿ? ಬನ್ನಿ ಮಾರಾಯ್ರೆ, ಕ್ರಾಕೋವ್ ನೋಡೋಣ. ರಾಜರಿದ್ದ ಊರಂತೆ. ಕೋಟೆ ಹತ್ರ ಬೆಂಕಿ ಉಗುಳೋ ಕಬ್ಬಿಣದ ಡ್ರ್ಯಾಗನ್ ಇದೆಯಂತೆ."

"ತ್ಯಾವರೆಕೊಪ್ಪದ ಸಫಾರಿ ಹುಲಿ ನೋಡೋಕೇ ನಾನು ಹೋದವನಲ್ಲ, ಡ್ರ್ಯಾಗನ್ ನೋಡ್ತೀನಾ?"

"ಆ ಹುಲಿ ಬರೀ ಆಕಳಿಸುತ್ತೆ. ಇದು ಬೆಂಕಿ ಉಗುಳುತ್ತೆ. ಈ ಚಳಿಗೆ ಕೈ ಕಾಯಿಸ್ಕೊಳ್ಳೋಕಾದ್ರೂ ಆಗುತ್ತೆ."

ಹಾಗೆ ಇಬ್ಬರೂ ಬಸ್ಸು ಹತ್ತಿದರು. ಕ್ರಾಕೋವ್‌ನಲ್ಲಿ ಹಿಮ ಬಿದ್ದು ಗಟ್ಟಿಯಾಗಿತ್ತು. ಹಳೆಯ ಪೇಟೆಯ ನಡುವಿನ ಚೌಕ ಎಷ್ಟು ವಿಶಾಲವೆಂದರೆ, ಅದರ ಒಂದು ಅಂಚಿನಲ್ಲಿ ನಿಂತ ಕಾಂತರಾಜನಿಗೆ ತಾನು ಮಿಲ್ಲಿನ ನೆಲದ ಮೇಲೆ ಬಿದ್ದ ಮೊಳೆ ಅನ್ನಿಸಿತು. ಕ್ರಿಸ್ಮಸ್ ಸಂತೆಯ ಮರದ ಅಂಗಡಿಗಳಿಂದ ಹೊಗೆ ಏಳುತ್ತಿತ್ತು. ಬಣ್ಣದ ಗರಿ ತೊಟ್ಟ ಕುದುರೆಗಳು ಸಾರೋಟುಗಳ ಮುಂದೆ ನಿಂತು ಬಿಳಿ ಉಸಿರು ಬಿಡುತ್ತಿದ್ದವು. ಭೀಮೇಶ ಗಾಡಿಯೊಂದರಿಂದ ಎಳ್ಳು ಮೆತ್ತಿದ, ಬಳೆಯಾಕಾರದ ಎರಡು ದೊಡ್ಡ ರೊಟ್ಟಿಗಳನ್ನು ತಂದ. "ತಗೊಳ್ಳಿ, ಇವರ ಕೋಡುಬಳೆ. ನಮ್ಮ ಕಡೆಯ ಹತ್ತು ಸೇರಿಸಿ ಒಂದು ಮಾಡಿದ್ದಾರೆ, ಖಾರ ಹಾಕೋದು ಮರೆತಿದ್ದಾರೆ."

ಚೌಕದ ಮೂಲೆಯಲ್ಲಿ ಕೆಂಪು ಇಟ್ಟಿಗೆಯ ಕ್ರೈಸ್ತ ದೇವಾಲಯ. ಅದಕ್ಕೆ ಎರಡು ಗೋಪುರ, ಒಂದು ಎತ್ತರ, ಇನ್ನೊಂದು ಗಿಡ್ಡ. ಅವರು ಅದರ ಬುಡಕ್ಕೆ ಬಂದಾಗ ಹನ್ನೊಂದು ಬಡಿಯಿತು. ಎತ್ತರದ ಗೋಪುರದ ಕಿಟಕಿಯೊಂದು ತೆರೆಯಿತು. ಹಳದಿ ಲೋಹದ ಬಾಯೊಂದು ಹೊರಗೆ ಚಾಚಿ ಮಿನುಗಿತು. ಮರುಕ್ಷಣ ಕಹಳೆ.

ಕಾಂತರಾಜ ಕೈಯಲ್ಲಿದ್ದ ರೊಟ್ಟಿಯನ್ನು ಮರೆತ. ಊರಿಂದ ಮರಳಿದಾಗಿನಿಂದ ಅವನ ಕಿವಿ ಯಂತ್ರದ ಸದ್ದು ಬಿಟ್ಟು ಬೇರೆ ಕೇಳಿರಲಿಲ್ಲ. ಇದು ಮನುಷ್ಯನ ಉಸಿರು. ಎದೆಯಿಂದ ಹೊರಟು, ಲೋಹದ ಕೊರಳು ಹಾದು, ಹಿಮದ ಮೇಲೆ ಹರಡುವ ಉಸಿರು. ಮೇಲೇರಿತು, ಬಳುಕಿತು, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಕಡಿದು ಹಾಕಿದಂತೆ ನಿಂತಿತು.

"ಅಯ್ಯೋ!" ಎಂದ ಕಾಂತರಾಜ. "ಏನಾಯ್ತೋ ಅವನಿಗೆ? ಎದೆ ಹಿಡ್ಕೊಂಡಿರಬೇಕು."

ಅಷ್ಟರಲ್ಲಿ ಇನ್ನೊಂದು ದಿಕ್ಕಿನ ಕಿಟಕಿಯಿಂದ ಅದೇ ಸ್ವರ ಎದ್ದಿತು. ಅದೇ ತಿರುವಿನಲ್ಲಿ, ಅದೇ ಘಟ್ಟದಲ್ಲಿ ಮತ್ತೆ ನಿಂತಿತು. ಹೀಗೆ ನಾಲ್ಕು ದಿಕ್ಕಿಗೂ. ಕಾಂತರಾಜನಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಬಿಟ್ಟ ಉಸಿರನ್ನು ನಡುವೆ ಕಿತ್ತುಕೊಳ್ಳುವುದನ್ನು ಅವನ ಮೈಯೇ ಒಪ್ಪದು.

ಭೀಮೇಶ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದ. ನೂರಾರು ವರ್ಷಗಳ ಹಿಂದೆ ಶತ್ರುಗಳು ಊರಿನ ಮೇಲೆ ಏರಿ ಬರುವುದನ್ನು ಈ ಗೋಪುರದ ಕಾವಲುಗಾರ ಕಂಡನಂತೆ. ಊರನ್ನು ಎಬ್ಬಿಸಲು ಕಹಳೆ ಊದಿದನಂತೆ. ಊದುತ್ತಿರುವಾಗಲೇ ಬಾಣವೊಂದು ಬಂದು ಗಂಟಲಿಗೆ ನೆಟ್ಟಿತಂತೆ. "ಅವನು ನಿಂತ ಜಾಗದಲ್ಲೇ ಇವತ್ತಿಗೂ ನಿಲ್ಲಿಸ್ತಾರಂತೆ ಅಣ್ಣ. ಗಂಟೆಗೊಂದ್ಸಲ. ಕಥೆ ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಈಗ ಊದೋರು ಫೈರ್ ಸರ್ವೀಸಿನವರು, ಪಾಳಿ ಮೇಲೆ."

"ಅವನ ಮಕ್ಕಳು ಮೊಮ್ಮಕ್ಕಳಲ್ವಾ?"

"ಯಾರ ಮಕ್ಕಳೋ! ಪಾಳಿ ಯಾರದ್ದೋ ಅವರು ಊದ್ತಾರೆ."

ಗೋಪುರದ ಕಿಟಕಿಯಿಂದ ಕೈಯೊಂದು ಹೊರಬಂದು ಕೆಳಗಿನವರತ್ತ ಬೀಸಿತು. ಕಾಂತರಾಜನ ಪಕ್ಕದಲ್ಲಿ ಒಬ್ಬ ಅಜ್ಜ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಮಗು ಕೈ ಬೀಸಿತು. ಆಮೇಲೆ ಉಣ್ಣೆಯ ಕೈಗವಸಿನೊಳಗಿನ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ, "ತೂ, ತುತೂ" ಎಂದು ಊದತೊಡಗಿತು. ಅಜ್ಜ ಸುಮ್ಮನಿರು ಎನ್ನಲಿಲ್ಲ. ಮಗುವಿನ ಕಾಲನ್ನು ಭದ್ರವಾಗಿ ಹಿಡಿದುಕೊಂಡು, ಅದರ ಕಹಳೆ ಮುಗಿಯುವ ತನಕ ಹಿಮದಲ್ಲಿ ನಿಂತೇ ಇದ್ದ.

ಕಾಂತರಾಜ ಕಣ್ಣು ತಿರುಗಿಸಿದ. ಹೊಟ್ಟೆಯಿಂದ ಊದವ್ವ, ಕೆನ್ನೆಯಿಂದಲ್ಲ. ತಂದೆಯ ದನಿ ಅಷ್ಟು ಹತ್ತಿರದಲ್ಲಿ ಕೇಳಿದಂತಾಯಿತು. ಅದರ ಹಿಂದೆಯೇ ಆ ಸಂಜೆ ನೆನಪಾಯಿತು. ಆವತ್ತು ಕವನಳ ಉಸಿರೂ ಹೀಗೆಯೇ ಏರುತ್ತಿತ್ತು. ಇನ್ನೇನು ತುದಿ ಮುಟ್ಟಬೇಕಿತ್ತು. ಅದನ್ನು ಕಡಿದದ್ದು ಶತ್ರುವಿನ ಬಾಣವಲ್ಲ.

"ಡ್ರ್ಯಾಗನ್ ಕಡೆ ನಡೀರಿ, ಕಾಲು ಮರಗಟ್ಟಿದೆ," ಎಂದ ಭೀಮೇಶ.

"ಹನ್ನೆರಡಕ್ಕೆ ಇನ್ನೊಮ್ಮೆ ಕೇಳಿ ಹೋಗೋಣ."

"ಅದೇ ಸ್ವರ ಅಣ್ಣ, ಅದೇ ಜಾಗದಲ್ಲೇ ನಿಲ್ಲೋದು. ಈ ಸಲ ಮುಂದಕ್ಕೆ ಹೋಗಲ್ಲ."

"ಇರಲಿ ಮಾರಾಯ."

ಇಬ್ಬರೂ ಚೌಕದ ನಡುವಿನ ಹಳೆಯ ಜವಳಿ ಮಳಿಗೆಯ ಕಮಾನಿನಡಿ ಗಾಳಿ ತಪ್ಪಿಸಿಕೊಂಡು ನಿಂತರು. ಕಾಂತರಾಜ ತನ್ನೊಳಗೆ ವಾದ ಹೂಡಿದ್ದ. ನಡಾವಳಿ ಮುರಿಯಬಾರದು, ಸರಿ. ಆದರೆ ನಡಾವಳಿ ಇರುವುದು ಯಾತಕ್ಕೆ? ಊರು ಏಳುವ ಹೊತ್ತಿಗೆ ಒಂದು ಜೀವ ತನ್ನ ಉಸಿರನ್ನು ಸ್ವಾಮಿಗೆ ಸಲ್ಲಿಸಲಿ ಎಂದು. ಡಬ್ಬಿಗೆ ಉಸಿರೆಲ್ಲಿದೆ? ಸದ್ದು ಬರಬಹುದು, ಸಲ್ಲಿಸುವವರಾರು? ಈ ಪರದೇಶದ ಜನ ಕಾವಲುಗಾರನ ವಂಶ ಹುಡುಕುತ್ತ ಕೂರಲಿಲ್ಲ. ಉಸಿರಿದ್ದವನನ್ನು ಗೋಪುರ ಹತ್ತಿಸಿದರು. ತನ್ನ ಮನೆಯಲ್ಲಿ ಉಸಿರಿದ್ದೂ, ಬಾಯಿ ತೆರೆದು ಬೇಡಿದರೂ, ತಾನು ಯೋಚಿಸುತ್ತೇನೆ ಎಂದು ಮುಖ ಮರೆಸಿಕೊಂಡು ಕುಳಿತಿದ್ದಾನೆ. ನಾರಾಯಣ ಕೊಟ್ಟ ಉಸಿರಿಗೆ ಹೆಣ್ಣು ಗಂಡೆಂಬ ಗುರುತು ಹಚ್ಚಲು ತಾನಾರು?

ಅವನು ಕೈಗವಸು ಕಳಚಿ ಫೋನ್ ಹಚ್ಚಿದ. ಭದ್ರಾವತಿಯಲ್ಲಿ ಆಗ ಇಳಿಬಿಸಿಲ ಸಂಜೆ. ಪರದೆಯ ಮೇಲೆ ಮನೆಯ ಜಗಲಿ ಕಂಡಿತು. ಜಗಲಿಯ ಮೇಲೆ ವೀರಪ್ಪನವರು, ಅವರ ತೊಡೆಯ ಮೇಲೆ ಕಪ್ಪು ಡಬ್ಬಿ.

"ಕಾಂತರಾಜ, ಸರಿಯಾದ ಹೊತ್ತಿಗೆ ಫೋನ್ ಮಾಡಿದೆ," ಎಂದರು ವೀರಪ್ಪನವರು. "ಕೇಳು, ಟೆಸ್ಟಿಂಗ್ ಮಾಡ್ತಿದೀವಿ." ಅವರು ಗುಂಡಿ ಒತ್ತಿದರು. ಮೊದಲು ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ಬಂತು, ಆಮೇಲೆ ಶಂಖ. ಹಿಂದಿನಿಂದ ಧನಲಕ್ಷ್ಮಿ ನಕ್ಕದ್ದು ಕೇಳಿಸಿತು: "ಸ್ವಾಮಿಗೂ ಸೀರೆ ಡಿಸ್ಕೌಂಟು ಹೇಳ್ಬಿಡಿ ನಾಳೆ."

"ವೀರಪ್ಪಣ್ಣ, ಅದನ್ನ ಎತ್ತಿಡಿ. ಕವನನ್ನ ಕರೀರಿ."

ಮಗಳು ಬಂದು ನಿಂತಳು.

"ಹಲಗೆ ಮೇಲಿಂದ ಇಳಿಸಮ್ಮ," ಎಂದ ಕಾಂತರಾಜ. "ನಾನು ಹೇಳ್ತಿದೀನಿ."

ಅವಳು ಒಳಗೆ ಹೋದಳು. ವೀರಪ್ಪನವರ ಮುಖ ಪರದೆಯ ತುಂಬ ಬಂತು. "ಏನಯ್ಯಾ ಇದು? ಹೆಣ್ಣುಮಗು ಕೈಯಲ್ಲಿ ಶಂಖ! ನಿಮ್ಮಪ್ಪ ಇದ್ದಿದ್ರೆ ಒಪ್ಪೋರಾ?"

"ಮಾವ ಮಡಿಲಲ್ಲಿ ಕೂರಿಸ್ಕೊಂಡು ಊದಿಸಿದ್ರು, ವೀರಪ್ಪಣ್ಣ," ಎಂದಳು ಧನಲಕ್ಷ್ಮಿ. "ಬಿಡಿಸಿದೋರು ಇವ್ರು. ಈಗ ಇವ್ರೇ ಹೇಳ್ತಿದಾರೆ. ನಡುವೆ ನಿಮ್ಮದೇನು?"

"ಬೀದಿ ಜನ ಬಾಗಿಲು ಹಾಕ್ಕೊಂಡ್ರೆ?"

ಆ ಭಯ ಕಾಂತರಾಜನಿಗೂ ಇತ್ತು. "ಹಾಕ್ಕೊಂಡೋರ ಬಾಗಿಲ ಮುಂದೂ ಊದಲಿ ಅಣ್ಣ. ಜಾಗಟೆ ನೀವೇ ಹಿಡೀಬೇಕು. ನಮ್ಮಪ್ಪನ ಜೊತೆ ನಡೆದೋರು ನೀವು. ಮಗು ಒಂಟಿಯಾಗಿ ಹೋಗಬಾರದು."

ವೀರಪ್ಪನವರು ಡಬ್ಬಿಯ ವೈರು ಸುತ್ತತೊಡಗಿದರು. ಕವನ ಮುಖ ಕೈಕಾಲು ತೊಳೆದು, ಹಳದಿ ಬಟ್ಟೆ ಬಿಚ್ಚಿ, ಶಂಖವನ್ನು ಕಣ್ಣಿಗೊತ್ತಿಕೊಂಡು ತುಟಿಗಿಟ್ಟಳು. ಮೊದಲು ಬಂದದ್ದು ಬರೀ ಗಾಳಿ. ಎರಡನೆಯದು ಕರುವಿನ ಕೂಗು. ಮೂರನೆಯದು ಏರಿತು, ತುಂಬಿತು, ನಡುದಾರಿಯಲ್ಲಿ ಒಡೆದು ನಿಂತುಹೋಯಿತು. ಅವಳು ಗಾಬರಿಯಿಂದ ಅಪ್ಪನ ಕಡೆ ನೋಡಿದಳು.

ಅದೇ ಹೊತ್ತಿಗೆ ಕ್ರಾಕೋವ್‌ನ ಗೋಪುರದಲ್ಲಿ ಹನ್ನೆರಡು ಬಡಿದು ಕಹಳೆ ಎದ್ದಿತು. ಕಾಂತರಾಜ ಕಮಾನಿನಡಿಯಿಂದ ಹಿಮಕ್ಕೆ ಬಂದು ಫೋನನ್ನು ಎತ್ತಿ ಹಿಡಿದ. ನ್ಯೂ ಟೌನಿನ ಜಗಲಿಯಲ್ಲಿ ಮೂವರೂ ಉಸಿರು ಬಿಗಿಹಿಡಿದು ಕೇಳಿದರು. ಸ್ವರ ಅದೇ ಜಾಗದಲ್ಲಿ ಕಡಿಯಿತು.

"ಅಪ್ಪಾ, ಅದ್ಯಾಕೆ ಅರ್ಧಕ್ಕೇ ನಿಂತಿತು?"

"ಅದು ಅವರ ಕಥೆ, ಬಂದ್ಮೇಲೆ ಹೇಳ್ತೀನಿ. ನೀನು ನಿಲ್ಲಿಸಬೇಡ. ಹೊಟ್ಟೆಯಿಂದ ಊದವ್ವ."

ಅವಳು ಮತ್ತೆ ಊದಿದಳು.

ಮರುದಿನ ಬೆಳಿಗ್ಗೆ ಕ್ರೇನ್ ಹತ್ತುವ ಮುನ್ನ ಕಾಂತರಾಜ ಕ್ಯಾಂಟೀನಿನ ಮೂಲೆಯಲ್ಲಿ ಕುಳಿತು, ಧನಲಕ್ಷ್ಮಿ ನಸುಕಿನಲ್ಲಿ ಜೊತೆಗೆ ನಡೆದು ಮೊಬೈಲಿಗೆ ಇಳಿಸಿ ಕಳಿಸಿದ ಧ್ವನಿಯನ್ನು ಕಿವಿಗೆ ಹಚ್ಚಿಕೊಂಡ. ನಾಯಿಗಳ ಬೊಗಳು, ಜಾಗಟೆಯ ಪೆಟ್ಟು, "ಮೆಲ್ಲಗೆ ನಡಿ ತಾಯಿ, ನನಗೆ ಮಂಡಿ ನೋವು" ಎಂಬ ವೀರಪ್ಪನವರ ಗೊಣಗು. ಒಂದು ಬಾಗಿಲು ತೆರೆದ ಸದ್ದು, ಜೋಳಿಗೆಗೆ ಅಕ್ಕಿ ಬಿದ್ದ ಸದ್ದು. ಇನ್ನೊಂದು ಬಾಗಿಲು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. "ಈ ಮನೆಯೋರು ತೆಗೆಯಲ್ಲ, ಮುಂದೆ ನಡಿ," ಎಂದರು ವೀರಪ್ಪನವರು.

"ಇರಿ ಅಜ್ಜಾ," ಎಂದಿತು ಮಗಳ ದನಿ.

ಆ ಮುಚ್ಚಿದ ಬಾಗಿಲ ಮುಂದೆ ಶಂಖ ಮೊಳಗಿತು. ಕಾಂತರಾಜ ತನಗರಿವಿಲ್ಲದೆ ತಾನೂ ಉಸಿರು ತುಂಬಿಕೊಂಡು, ಅವಳದು ಮುಗಿಯುವ ತನಕ ಬಿಡದೆ ಹಿಡಿದಿದ್ದ.