ಸಾರಂಗಿಗೆ ಚಳಿಯಾದ ದಿನ

ನಾನು ಚಿಕ್ಕವನಿದ್ದಾಗ ವಾದ್ಯಕ್ಕೂ ಚಳಿಯಾಗುತ್ತಿತ್ತು. ನಗಬೇಡಿ ಮಕ್ಕಳೇ, ಸುಳ್ಳು ಹೇಳುವ ವಯಸ್ಸು ನನ್ನದಲ್ಲ. ಅಪ್ಪ ಒಂದು ನಾಟಕ ಕಂಪನಿಯಲ್ಲಿ ಸಾರಂಗಿ ನುಡಿಸುತ್ತಿದ್ದ. ಸಾರಂಗಿಯ ಹೊಟ್ಟೆಗೆ ಆಡಿನ ತೊಗಲು ಹೊದಿಸಿರುತ್ತಾರೆ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಗೆ ಆ ತೊಗಲು ಥಂಡಿ ಹಿಡಿದು ಸಡಿಲಾಗುತ್ತಿತ್ತು, ಸ್ವರ ಇಳಿದುಬಿಡುತ್ತಿತ್ತು. ಅದಕ್ಕೇ ನುಡಿಸುವ ಮೊದಲು ಶೇಗಡಿಯಲ್ಲಿ ಇದ್ದಿಲು ಹೊತ್ತಿಸಿ, ಕೆಂಡದ ಕಾವಿಗೆ ಅದನ್ನು ಬೆಚ್ಚಗೆ ಮಾಡಬೇಕಿತ್ತು. ತೀರ ಹತ್ತಿರ ಇಟ್ಟರೆ ತೊಗಲು ಬಿರಿಯುತ್ತದೆ, ದೂರ ಇಟ್ಟರೆ ಕಾವು ತಾಗುವುದಿಲ್ಲ. ಒಂದು ಗೇಣು ಅಂತರ ಇಟ್ಟುಕೊಂಡು, ಕೆಂಡ ಆರದಂತೆ ಬೀಸಣಿಕೆ ಬೀಸುತ್ತ ಕೂಡುವುದು ನನ್ನ ಕೆಲಸವಾಗಿತ್ತು.

ಆ ವರ್ಷ ಕಂಪನಿಯ ಮಾಲಕರು ಪುಣೆಯಿಂದ ಹೊಸ ಹಾರ್ಮೋನಿಯಂ ತರಿಸಿದರು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಪೇಟಿಯ ಜೊತೆಗೆ ಅದನ್ನು ನುಡಿಸುವ ಮಾಸ್ತರನೂ ಬಂದ. ಇಬ್ಬರನ್ನು ಇಟ್ಟುಕೊಳ್ಳುವುದು ಆಗದ ಮಾತು ಎಂದರು ಮಾಲಕರು. ತಾಲೀಮಿನಲ್ಲಿ ಒಂದೇ ಹಾಡಿಗೆ ಇಬ್ಬರೂ ಸಾಥ್ ಕೊಡಬೇಕು, ಯಾರದು ಒಪ್ಪುತ್ತದೆಯೋ ಅವರು ಉಳಿಯಬೇಕು ಎಂದು ಒಂದು ದಿನ ಗೊತ್ತುಮಾಡಿದರು.

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆ ನಡೆಸುತ್ತಿದ್ದವಳು ಅಕ್ಕ. ಆ ಮುಂಜಾನೆ ಅವಳು ಸಾರಂಗಿಗೆ ಕಂಬಳಿ ಸುತ್ತಿಕೊಟ್ಟು ನನ್ನ ಕಿವಿ ಹಿಡಿದಳು.

"ಶೇಗಡಿ ಬಿಟ್ಟು ಅತ್ತಾಗ ಇತ್ತಾಗ ಹೋದಿ ಅಂದ್ರ ನೋಡು ಮತ್ತ. ಅಪ್ಪನ ಕೆಲಸ ಇವತ್ತ ನಿನ್ನ ಕೈಯಾಗ ಐತಿ."

ಕೆಲಗೇರಿ ಕೆರೆಯ ದಂಡೆ ಹಿಡಿದು ಕೆಸರು ತುಳಿಯುತ್ತ ಅಪ್ಪ, ನಾನು ಇಬ್ಬರೂ ಥೇಟರಿಗೆ ಹೋದೆವು. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಒಳಗೆಲ್ಲ ತೊಯ್ದ ಪರದೆಯ ಮುಗ್ಗಲು ವಾಸನೆ. ಅಪ್ಪ ನನ್ನನ್ನು ಕೆಂಡದ ಮುಂದೆ ಕೂಡಿಸಿ, ಹಾಡುವ ನಟನ ಜೊತೆ ಮಾತಾಡಲು ಹೋದ.

ಆಚೆ ಮೂಲೆಯಲ್ಲಿ ಪೇಟಿ ಇತ್ತು. ಹೊಸ ವಾರ್ನಿಷಿನ ಘಮ, ಬೆರಳಿಂದ ಒತ್ತುವ ಬಿಳಿ ಮನೆಗಳ ಸಾಲು. ನಾನು ಕತ್ತು ಹೊರಳಿಸಿ ನೋಡುತ್ತಿದ್ದುದು ಮಾಸ್ತರನ ಕಣ್ಣಿಗೆ ಬಿತ್ತು.

"ಬಾ ಮರಿ, ಒತ್ತಿ ನೋಡು ಬಾ" ಎಂದ.

ಸಾರಂಗಿಯ ತಂತಿಯನ್ನು ಉಗುರಿನ ಬುಡದಿಂದ ಒತ್ತಬೇಕು. ಎರಡು ವರ್ಷ ಅಪ್ಪನ ಮುಂದೆ ಕೂತು ಬೆರಳು ತರಚಿಕೊಂಡರೂ ನನಗೆ ಒಂದು ಸ್ವರ ನೆಟ್ಟಗೆ ಬಂದಿರಲಿಲ್ಲ. ಪೇಟಿಯ ಮೇಲೆ ಬೆರಳಿಟ್ಟರೆ ಸಾಕು, ಸ್ವರ ತಯಾರಿರುತ್ತಿತ್ತು. ಮಾಸ್ತರ ತೋರಿಸಿದಂತೆ ಒತ್ತುತ್ತ ಹೋದೆ, ಅವತ್ತಿನ ಹಾಡಿನ ಮೊದಲ ಸಾಲೇ ಹೊರಬಂತು! ಮತ್ತೆ ನುಡಿಸಿದೆ, ಮತ್ತೆ ಮತ್ತೆ ನುಡಿಸಿದೆ. ಎಷ್ಟು ಹೊತ್ತು ಹೋಯಿತೋ ಗೊತ್ತಾಗಲಿಲ್ಲ.

ಅಪ್ಪ ಬಂದಾಗ ಶೇಗಡಿಯಲ್ಲಿ ಬರೀ ಬೂದಿ. ಅವನು ಸಾರಂಗಿಯ ತೊಗಲನ್ನು ಮುಟ್ಟಿ ನೋಡಿದ, ಪೇಟಿಯ ಮುಂದೆ ಕೂತಿದ್ದ ನನ್ನನ್ನೂ ಒಮ್ಮೆ ನೋಡಿದ. ಅಷ್ಟರಲ್ಲಿ ಮಾಲಕರು ಕರೆದರು.

ಮೊದಲ ಸಾಲು ಹೇಗೋ ದಾಟಿತು. ನಟನ ದನಿ ಹೋದಲ್ಲೆಲ್ಲ ಸಾರಂಗಿ ಹಿಂದೆಯೇ ಹೋಯಿತು. ಎರಡನೆಯ ಸಾಲಿಗೆ ಸ್ವರ ಇಳಿಯಿತು, ಮೂರನೆಯದಕ್ಕೆ ನಟ ಹಾಡು ನಿಲ್ಲಿಸಿಬಿಟ್ಟ.

"ಒಂದೀಟು ಕಾಸಿ ಮತ್ತ ನುಡಸ್ತೇನ್ರಿ" ಎಂದ ಅಪ್ಪ.

"ಟಿಕೀಟು ತಗೊಂಡ ಮಂದಿ ಕಾಯ್ತಾರೇನ್ರಿ?" ಎಂದರು ಮಾಲಕರು. "ನಿಮ್ಮ ಕೈ ಛಲೋ ಐತಿ, ಖರೇ. ಆದ್ರ ಮಳಿಗಾಲದಾಗ ಇದನ್ನ ನಂಬಿ ಪರದೆ ಎತ್ತೂದು ಹ್ಯಾಂಗ್ರಿ?"

ಆಮೇಲೆ ಪೇಟಿ ನುಡಿಯಿತು. ಗಟ್ಟಿಯಾಗಿ, ಸ್ವಚ್ಛವಾಗಿ, ಹೊರಗೆ ಮಳೆ ಇರುವುದೇ ಗೊತ್ತಿಲ್ಲ ಎಂಬಂತೆ. ಹುಡುಗ ಕೆಂಡ ಆರಿಸಿದ ಎಂದು ಒಂದು ಮಾತು ಹೇಳಿದ್ದರೆ ಅಪ್ಪನಿಗೆ ಇನ್ನೊಂದು ಅವಕಾಶ ಸಿಗುತ್ತಿತ್ತೋ ಏನೋ. ಅವನು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಅಕ್ಕ, "ಏನಾತಪ್ಪಾ?" ಎಂದು ಓಡಿ ಬಂದಳು.

"ಮಳಿ ಭಾಳ ಇತ್ತವ್ವಾ" ಎಂದ ಅಪ್ಪ. ಅಷ್ಟೇ. ಬೈದಿದ್ದರೆ, ನಾಲ್ಕು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಅಪ್ಪ ಹತ್ತಿ ಅಂಗಡಿಯಲ್ಲಿ ಗಂಟು ಕಟ್ಟುವ ಕೆಲಸಕ್ಕೆ ಸೇರಿದ. ಸಾರಂಗಿ ಗೋಡೆಯ ಮೇಲೆ ಉಳಿಯಿತು, ಅದರ ತೊಗಲನ್ನು ಇಲಿಗಳು ತಿಂದವು. ಕೆಲವು ವರ್ಷಗಳಲ್ಲಿ ಮಾತಾಡುವ ಸಿನಿಮಾ ಬಂತು, ಕಂಪನಿ ಮುಚ್ಚಿತು, ಪೇಟಿ ಮಾಸ್ತರನೂ ಬೀದಿಗೆ ಬಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಒಳಗೊಳಗೇ ಹಿಗ್ಗಿದೆ. ಪಾಪ, ಅವನು ಮಾಡಿದ್ದೇನಿತ್ತು? ಮಾಡಿದವನು ನಾನು.

ಈಗ ನಿಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇದೆ. ಮಳೆ ಇರಲಿ ಚಳಿ ಇರಲಿ, ಗುಂಡಿ ಒತ್ತಿದರೆ ಹಾಡುತ್ತದೆ. ಹಳೆಯ ಹಾಡೇ ಚೆಂದ, ಅದಕ್ಕೆ ಮುಪ್ಪಿಲ್ಲ ಎಂದು ನಿಮ್ಮ ಅಪ್ಪ ಹೇಳುತ್ತಾನೆ. ಹೊಸದೇ ಚೆಂದ ಎಂದು ನೀವು ಜಗಳಾಡುತ್ತೀರಿ. ನನ್ನನ್ನು ಪಂಚಾಯತಿಗೆ ಕರೆಯಬೇಡಿ. ಹಳೆಯದರಲ್ಲಿ ಯಾರೋ ಹಿಡಿದಿಟ್ಟುಕೊಂಡದ್ದಷ್ಟೇ ನಿಮ್ಮ ಕಿವಿಗೆ ಬಿದ್ದಿದೆ. ಉಳಿದದ್ದಕ್ಕೆ ಮುಪ್ಪು ಬರುವಷ್ಟು ಆಯುಷ್ಯವೇ ಸಿಗಲಿಲ್ಲ.

ಮೊನ್ನೆ ಕಿರಿಯವಳು, "ನಿಮ್ಮ ಅಪ್ಪ ಹ್ಯಾಂಗ ನುಡಸ್ತಿದ್ರು, ಅಂದು ತೋರಸ್ರಿ ಅಜ್ಜಾ" ಎಂದು ಗಂಟುಬಿದ್ದಳು. ಕಣ್ಣು ಮುಚ್ಚಿ ಆ ಹಾಡನ್ನು ಗುನುಗಲು ನೋಡಿದೆ. ಅರವತ್ತು ವರ್ಷ ದಾಟಿದ ಈ ಬಾಯಿಂದ ಹೊರಬಿದ್ದದ್ದು ಪೇಟಿಯ ಸ್ವರ. ಅಪ್ಪನದು ಒಂದೂ ಬರಲಿಲ್ಲ.